ಪಕ್ಕದ ಅಂಗಡಿಯ ಲೆಕ್ಕ ನೋಡುವ ಮುನ್ನ

ಸಕಲೇಶಪುರದ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ನನ್ನ ಭಾವಮೈದುನ ಕೆಲವು ವರ್ಷಗಳಿಂದ ತೋಟದ ಹಳೆಯ ಮನೆಯ ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿ ನಡೆಸುತ್ತಿದ್ದಾನೆ. ಕಳೆದ ಮಳೆಗಾಲದ ಒಂದು ಸಂಜೆ ಅವನು ದೂರವಾಣಿಯಲ್ಲಿ ತೋಡಿಕೊಂಡ ಸಂಕಟ ವಿಚಿತ್ರವಾಗಿತ್ತು. ಹಿಂದೊಮ್ಮೆ ಬಂದು ಉಳಿದು, ಮೆಚ್ಚಿ ಹೋಗಿದ್ದ ಕುಟುಂಬವೊಂದು ಮತ್ತೆ ಬಂದಿತ್ತು. ಆದರೆ ಈ ಸಲ ಅವರು ಕೋಣೆ ಕಾದಿರಿಸಿದ್ದು ದೊಡ್ಡದೊಂದು ಪ್ರವಾಸಿ ಜಾಲತಾಣದ ಮೂಲಕ. ‘ನಿಮ್ಮ ಮನೆಯ ಹೆಸರನ್ನೇ ಗೂಗಲ್‌ನಲ್ಲಿ ಹುಡುಕಿದೆವು, ಮೊದಲು ಕಂಡದ್ದನ್ನು ಒತ್ತಿದೆವು’ ಎಂದರಂತೆ. ಮೊದಲು ಕಂಡದ್ದು ಜಾಹೀರಾತು. ಇವನ ಮನೆಯ ಹೆಸರಿಗೆ ಹಣ ತೆತ್ತು ಆ ಜಾಲತಾಣ ಹಾಕಿದ್ದು. ಇವನ ಅತಿಥಿಯನ್ನು ಇವನಿಗೇ ತಂದೊಪ್ಪಿಸಿ ದಲ್ಲಾಳಿ ಹಣ ಮುರಿದುಕೊಂಡಿತ್ತು.

ವಾರ ಕಳೆಯುವಷ್ಟರಲ್ಲಿ ಅವನಿಗೆ ಮತ್ತೊಂದು ಕರೆ ಬಂತು. ಪ್ರತಿಸ್ಪರ್ಧಿಗಳು ಯಾವ ಪದಕ್ಕೆ ಎಷ್ಟು ಹಣ ಸುರಿಯುತ್ತಿದ್ದಾರೆ ಎಂಬುದನ್ನು ಅಂಗೈ ಮೇಲಿನ ನೆಲ್ಲಿಯಂತೆ ತೋರಿಸುವ ತಂತ್ರಾಂಶವಿದೆ, ಚಂದಾ ತಿಂಗಳಿಗೆ ನೂರು ಡಾಲರಿಗಿಂತ ಕೊಂಚ ಹೆಚ್ಚು ಎಂದಿದ್ದ ಮಾರಾಟ ಪ್ರತಿನಿಧಿ. ‘ಕೊಳ್ಳಲೇ ಭಾವ?’ ಎಂಬುದು ಅವನ ಪ್ರಶ್ನೆ. ಜಾಹೀರಾತಿನ ವೃತ್ತಿಯಲ್ಲಿ ಎರಡು ದಶಕ ಕಳೆದ ನನಗೆ ಇದು ಒಬ್ಬನ ಪ್ರಶ್ನೆಯಲ್ಲ ಎನ್ನಿಸಿತು. ಸೀರೆ ಅಂಗಡಿ, ದಂತ ಚಿಕಿತ್ಸಾಲಯ, ಮನೆಪಾಠದ ಕೇಂದ್ರ ನಡೆಸುವ ಎಷ್ಟೋ ಮಂದಿ ಇದನ್ನೇ ಕೇಳುತ್ತಿದ್ದಾರೆ.

ಹುಡುಕುವ ಪದವನ್ನು ಹರಾಜಿಗಿಟ್ಟು, ಜಾಹೀರಾತನ್ನು ಒತ್ತಿದಾಗ ಮಾತ್ರ ಹಣ ಪಡೆಯುವ ಪದ್ಧತಿಯನ್ನು 1998ರಲ್ಲಿ ಚಾಲ್ತಿಗೆ ತಂದದ್ದು ಗೋಟು ಎಂಬ ಅಮೆರಿಕದ ಕಂಪನಿ. ಗೂಗಲ್ ತನ್ನ ಆಡ್‌ವರ್ಡ್ಸ್ ಆರಂಭಿಸಿದ್ದು 2000ದಲ್ಲಿ. 2018ರಲ್ಲಿ ಅದರ ಹೆಸರು ಗೂಗಲ್ ಆಡ್ಸ್ ಆಯಿತು. ಈ ಹರಾಜು ಮುಚ್ಚಿದ ಬಾಗಿಲಿನ ಒಳಗೆ ನಡೆಯುತ್ತದೆ. ಯಾರು ಎಷ್ಟು ಕೂಗಿದರೆಂಬುದು ಗೂಗಲ್‌ಗೆ ಮಾತ್ರ ಗೊತ್ತು. ಹಾಗಿದ್ದರೆ ಸೆಮ್‌ರಶ್, ಸ್ಪೈಫು, ಸಿಮಿಲರ್‌ವೆಬ್‌ನಂಥ ತಂತ್ರಾಂಶಗಳು ತೋರಿಸುವ ಅಂಕಿ ಎಲ್ಲಿಂದ ಬರುತ್ತದೆ?

ಜಾಹೀರಾತಿನ ವೆಚ್ಚದ ಮಟ್ಟಿಗೆ, ಅದು ಅಂದಾಜು. ಲಕ್ಷಾಂತರ ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಯಂತ್ರದ ಮೂಲಕ ಆಗಾಗ ಹುಡುಕಿ, ಯಾರ ಜಾಹೀರಾತು ಕಂಡಿತೆಂದು ಬರೆದಿಡುತ್ತಾರೆ. ಆ ಪದವನ್ನು ಎಷ್ಟು ಜನ ಹುಡುಕಬಹುದು, ಎಷ್ಟು ಜನ ಒತ್ತಬಹುದು, ಒಂದು ಒತ್ತಿಗೆ ಎಷ್ಟು ಬೆಲೆ ಇರಬಹುದು ಎಂಬ ಮೂರು ಊಹೆಗಳನ್ನು ಗುಣಿಸಿದರೆ ಪ್ರತಿಸ್ಪರ್ಧಿಯ ‘ವೆಚ್ಚ’ ಸಿದ್ಧ. ದೇಶವ್ಯಾಪಿ ವಹಿವಾಟಿನ ಕಂಪನಿಯ ವಿಷಯದಲ್ಲಿ ಈ ಊಹೆ ದಿಕ್ಕನ್ನಾದರೂ ತೋರಿಸೀತು. ಹಾಸನ ಜಿಲ್ಲೆಯ ಒಂದು ತೋಟದ ಮನೆಯ ಹೆಸರು ಆ ಪಟ್ಟಿಯಲ್ಲಿ ಇರುವ ಸಂಭವವೇ ಕಡಿಮೆ. ಅದೂ ಅಲ್ಲದೆ ಜಾಹೀರಾತು ಊರಿಂದೂರಿಗೆ, ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರಿನವರಿಗೆ ಕಾಣುವ ಜಾಹೀರಾತನ್ನು ಬೇರೆಲ್ಲಿಂದಲೋ, ಬೇರೆ ಯಾವಾಗಲೋ ಹುಡುಕುವ ಯಂತ್ರ ಕಾಣಲೇಬೇಕೆಂದಿಲ್ಲ.

ಭಾವಮೈದುನನಿಗೆ ನಾನು ಹೇಳಿದ್ದು ಇಷ್ಟೇ. ಉಚಿತ ಪರೀಕ್ಷಾವಧಿಯಲ್ಲಿ ಮೊದಲು ನಿನ್ನ ಜಾಲತಾಣದ ವಿಳಾಸವನ್ನೇ ಹಾಕಿ ನೋಡು. ನಿನ್ನ ಲೆಕ್ಕ ನಿನಗೆ ಗೊತ್ತಿದೆಯಲ್ಲ, ನಿನ್ನ ಬಗ್ಗೆಯೇ ತಪ್ಪು ಹೇಳುವ ಯಂತ್ರ ಪಕ್ಕದವನ ಬಗ್ಗೆ ಸರಿ ಹೇಳುತ್ತದೆಂದು ನಂಬುವುದು ಹೇಗೆ? ಅವನು ಹಾಗೆಯೇ ಮಾಡಿದ. ಪರದೆಯ ಮೇಲೆ ಬಂದ ಉತ್ತರ: ಮಾಹಿತಿ ಇಲ್ಲ.

ಇಲ್ಲೊಂದು ಸ್ಥಳೀಯ ತೊಡಕೂ ಇದೆ. 2014ರ ನವೆಂಬರ್ 1ರಂದು ನಮ್ಮ ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಗಿ ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು ಬಂತು. ಹುಡುಕುವವರು ಮಾತ್ರ ಹಳೆಯದನ್ನೂ ಹೊಸದನ್ನೂ ಬೆರೆಸಿ ಬರೆಯುತ್ತಾರೆ. ಕೊಡಗು ಎಂದು ಬರೆಯುವವರಿರುವಂತೆ ಕೂರ್ಗ್ ಎಂದು ಬರೆಯುವವರೂ ಇದ್ದಾರೆ. ಕನ್ನಡ ಲಿಪಿಯಲ್ಲೇ ಹುಡುಕುವವರೂ ಇದ್ದಾರೆ, ಅವರನ್ನು ಈ ದುಬಾರಿ ತಂತ್ರಾಂಶಗಳು ಎಷ್ಟರಮಟ್ಟಿಗೆ ಎಣಿಸುತ್ತವೆಂಬುದನ್ನು ಕೊಳ್ಳುವ ಮುನ್ನ ಕೇಳಲೇಬೇಕು. ಇಂಥ ಪದಗಳ ಪಟ್ಟಿಯನ್ನು ಮನೆಗೆ ಬರುವ ಅತಿಥಿಗಳನ್ನು ಕೇಳಿಯೇ ಮಾಡಿಕೊಳ್ಳಬಹುದು. ಅದಕ್ಕೆ ಚಂದಾ ಬೇಕಿಲ್ಲ.

ಕಾಸು ಖರ್ಚಿಲ್ಲದೆ ಸಿಗುವುದು ಇನ್ನೂ ಇದೆ. 2023ರಿಂದ ಗೂಗಲ್ ಜಾಹೀರಾತು ಪಾರದರ್ಶಕತಾ ಕೇಂದ್ರವನ್ನು ತೆರೆದಿಟ್ಟಿದೆ. ಅಲ್ಲಿ ಯಾವುದೇ ಜಾಹೀರಾತುದಾರನ ಹೆಸರು ಹಾಕಿದರೆ ಅವನ ಜಾಹೀರಾತುಗಳು ಕಾಣುತ್ತವೆ. ಯಾವ ಪದಕ್ಕೆ ಕೂಗಿದನೆಂಬುದು ಕಾಣದು. ಇನ್ನೊಂದು, ಜಾಹೀರಾತು ಖಾತೆಯೊಳಗೇ ಇರುವ ಆಕ್ಷನ್ ಇನ್‌ಸೈಟ್ಸ್ ವರದಿ. ನೀವು ಭಾಗವಹಿಸಿದ ಹರಾಜಿನಲ್ಲಿ ಮತ್ತಾರಿದ್ದರು, ಎಷ್ಟು ಸಲ ನಿಮಗಿಂತ ಮೇಲೆ ನಿಂತರು ಎಂಬುದನ್ನು ಅದು ತಿಳಿಸುತ್ತದೆ. ಇದು ಹೊರಗಿನವರ ಊಹೆಯಲ್ಲ, ಹರಾಜು ನಡೆಸಿದವನೇ ಕೊಟ್ಟ ಲೆಕ್ಕ. ಆದರೆ ಕಣಕ್ಕೆ ಇಳಿಯದವನಿಗೆ ಅದು ಸಿಗುವುದಿಲ್ಲ. ಅಂದರೆ, ನಮ್ಮ ಹೆಸರಿಗೆ ನಾವೇ ಬೆಲೆ ಕೂಗಬೇಕು! ಈ ವ್ಯವಸ್ಥೆಯ ಬಗ್ಗೆ ನನಗಿರುವ ಅಸಮಾಧಾನವೇ ಇದು.

ಕೆಲವು ತಂತ್ರಾಂಶಗಳ ಮಾಹಿತಿಯ ಮೂಲದ ಬಗ್ಗೆ ಮತ್ತೊಂದು ಮಾತು. ಆವಾಸ್ಟ್ ಎಂಬ ವೈರಸ್ ನಿರೋಧಕ ಕಂಪನಿ, ತನ್ನ ಬಳಕೆದಾರರು ಅಂತರ್ಜಾಲದಲ್ಲಿ ಓಡಾಡಿದ ಜಾಡನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಕೊಳ್ಳುವವನು ‘ಈ ಅಂಕಿ ಯಾರ ಗಣಕದಿಂದ ಬಂತು?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಇನ್ನು ಕಾನೂನು. ಬೇರೆಯವರ ಟ್ರೇಡ್‌ಮಾರ್ಕನ್ನು ಕೀವರ್ಡ್ ಆಗಿ ಬಳಸಿದ ಮಾತ್ರಕ್ಕೇ ಉಲ್ಲಂಘನೆಯಾಗದು, ಗ್ರಾಹಕನಲ್ಲಿ ಗೊಂದಲ ಹುಟ್ಟಿಸಿದರೆ ಆಗಬಹುದು ಎಂಬುದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2023ರ ಆಗಸ್ಟ್‌ನಲ್ಲಿ ಗೂಗಲ್ ಮತ್ತು ಡಿಆರ್‌ಎಸ್ ಲಾಜಿಸ್ಟಿಕ್ಸ್ ನಡುವಣ ಪ್ರಕರಣದಲ್ಲಿ ತಳೆದ ನಿಲುವು. ಹೆಸರನ್ನು ನೋಂದಾಯಿಸಿಯೇ ಇರದ ನಾಲ್ಕು ಕೋಣೆಯ ಹೋಂಸ್ಟೇಗೆ ಈ ದಾರಿ ಬಲು ದೂರ. ಹತ್ತಿರದ ದಾರಿ ಒಪ್ಪಂದದ ಪತ್ರ. ದೊಡ್ಡ ಹೋಟೆಲುಗಳು ತಮ್ಮ ಹೆಸರಿನ ಮೇಲೆ ಜಾಹೀರಾತು ಹಾಕಬಾರದೆಂಬ ಷರತ್ತನ್ನು ಬರೆಸಿಕೊಳ್ಳುವುದುಂಟು. ಒಂಟಿ ತೋಟದವನು ಕೇಳಿದರೆ ಯಾರೂ ಕಿವಿಗೊಡರು. ತಾಲ್ಲೂಕಿನ ಹೋಂಸ್ಟೇಯವರೆಲ್ಲ ಒಟ್ಟಾಗಿ ಕೇಳಿದರೆ ಕೊಡಬೇಕಾದೀತು. ದುಬಾರಿ ತಂತ್ರಾಂಶ ಬೇಕೇ ಬೇಕೆನಿಸಿದರೂ, ಪರವಾನಗಿ ಒಪ್ಪುವುದಾದರೆ, ಸಂಘವೇ ಒಂದು ಚಂದಾ ಕಟ್ಟಿ ಸೀಸನ್ನಿಗೆ ಮೊದಲು ಒಂದು ತಿಂಗಳು ಬಳಸಿದರೆ ಸಾಕು. ಪ್ರವಾಸೋದ್ಯಮ ಇಲಾಖೆ ಹೊಳಪಿನ ಕರಪತ್ರಗಳ ಜೊತೆಗೆ ಇಂಥದ್ದಕ್ಕೂ ಒಂದಿಷ್ಟು ಹಣ ತೆಗೆದಿಡಬಾರದೇಕೆ?

ಭಾವಮೈದುನ ಚಂದಾ ಕಟ್ಟಲಿಲ್ಲ. ತನ್ನ ಮನೆಯ ಹೆಸರಿಗೆ ದಿನಕ್ಕೆ ನೂರು ರೂಪಾಯಿಯ ಜಾಹೀರಾತು ಹಾಕಿ, ವರದಿಯಲ್ಲಿ ಆ ಜಾಲತಾಣದ ಹೆಸರು ಕಂಡ ದಿನಗಳನ್ನು ತೋಟದ ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಿದ್ದಾನೆ. ಒಪ್ಪಂದ ನವೀಕರಿಸುವ ಮಾತುಕತೆಗೆ ಆ ಪುಸ್ತಕವನ್ನೇ ಕೊಂಡೊಯ್ಯುತ್ತಾನಂತೆ.