ನಾಯಕನ ಬಣ್ಣ

ಪೋರ್ಚುಗೀಸರು ಆಫ್ರಿಕೆಯಿಂದ ಗುಲಾಮರನ್ನಾಗಿ ಗೋವೆಗೆ ತಂದಿಳಿಸಿದವರ ವಂಶಜರೇ ಉತ್ತರಕನ್ನಡದ ಸಿದ್ದಿಯರಲ್ಲಿ ಬಹುಮಂದಿ. ಶತಮಾನಗಳಿಂದ ಅವರು ಈ ನೆಲದಲ್ಲಿ ದುಡಿದು ಬಾಳಿದ್ದಾರೆ. ಆದರೂ ಚಲನಚಿತ್ರಗಳಲ್ಲಿ ಕಪ್ಪು ಮೈಯವರಿಗೆ ಸಾಮಾನ್ಯವಾಗಿ ದೊರೆಯುವುದು ಖಳನ ಬಂಟನ ಇಲ್ಲವೇ ಹಾಸ್ಯಗಾರನ ಪಾತ್ರ.

ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ರಂಗಭೂಮಿಯು ಈ ವಾಡಿಕೆಯನ್ನು ಮುರಿಯಿತು. ನೈಜೀರಿಯದ ಚಿನುವಾ ಅಚಿಬೆಯವರ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನ ಕನ್ನಡ ರಂಗರೂಪವನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಯರೇ ಅಭಿನಯಿಸಿದರು. ಅದರ ನಾಯಕ ಒಕೊಂಕ್ವೊ ಕುಸ್ತಿಯಲ್ಲಿ ಹೆಸರಾದವನು, ಸ್ವಾಭಿಮಾನಿ, ದುಡುಕಿನವನು. ಗುಣದೋಷಗಳೆರಡನ್ನೂ ಹೊತ್ತ ಪೂರ್ಣ ಮನುಷ್ಯ.

2003ರಲ್ಲಿ ಉತ್ತರಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಶಾಸನವು ಸವಲತ್ತನ್ನು ನೀಡಬಲ್ಲುದು. ಕಥೆಯಲ್ಲಿ ನಾಯಕನ ಸ್ಥಾನವನ್ನು ಕಲಾವಿದರೂ ಪ್ರೇಕ್ಷಕರೂ ಕೂಡಿಯೇ ನೀಡಬೇಕು. ತಮ್ಮ ಬಾಳಿನ ಕಥೆಯನ್ನು ಸಿದ್ದಿಯರೇ ಹೇಳಲಿ, ನಾಡು ಕಿವಿಗೊಟ್ಟು ಕೇಳಲಿ.