ಹೊಳೆಗೇರಿನ ನೆಂಟ

ನಮ್ಮ ಮನೆಯಿಂದ ಮೂರು ಮನೆ ಆಚೆ ಇರುವ ಹುಡುಗಿ ಜೀವಶಾಸ್ತ್ರದಲ್ಲಿ ಪದವಿ ಮುಗಿಸಿದಳು. ಮುಂದೆ ಔಟ್‌ಡೋರ್ ಎಜುಕೇಶನ್‌ನಲ್ಲಿ ಮಾಸ್ಟರ್ಸ್ ಮಾಡುತ್ತೇನೆ ಎಂದಾಗ ಎರಡು ವಾರ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. "ಕಾಡು ಸುತ್ತೋಕೆ ಡಿಗ್ರಿ ಯಾಕ್ ಬೇಕು? ನಮ್ಮಪ್ಪ ಹೆಬ್ಬೆಟ್ಟು ಒತ್ತೋರು, ದಿನಾ ಸುತ್ತುತಿದ್ರು" ಎಂದು ಅವಳಪ್ಪ ನನ್ನೆದುರೇ ಕೇಳಿದರು. ನ್ಯೂಜೆರ್ಸಿಯ ಪಿಸ್ಕಾಟವೇಯ ಕನ್ನಡ ಮನೆಗಳಲ್ಲಿ ಇದು ಹುಟ್ಟಲೇಬೇಕಾದ ಪ್ರಶ್ನೆ. ವೀಸಾ, ಗ್ರೀನ್ ಕಾರ್ಡ್ ಎಂದು ವರ್ಷಗಟ್ಟಲೆ ಕಾದು ನೆಲೆ ಕಂಡವರಿಗೆ ಮಕ್ಕಳ ಓದು ಅನ್ನ ಕೊಡಬೇಕೆಂಬ ಆತಂಕ ಇದ್ದೇ ಇರುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವರ ಪ್ರಶ್ನೆಗೆ ಉತ್ತರವನ್ನು ಜೂನ್ ತಿಂಗಳ ಒಂದು ಭಾನುವಾರ ಕಣ್ಣಾರೆ ಕಂಡೆ.

ನಮ್ಮೂರಿನ ಲಿವಿಂಗ್‌ಸ್ಟನ್ ಕ್ಯಾಂಪಸ್ಸಿಗೆ ಹೊಂದಿಕೊಂಡೇ ರಟ್ಗರ್ಸ್ ವಿಶ್ವವಿದ್ಯಾಲಯದ ಕಾಪು ಕಾಡು ಇದೆ. ಎರಡನೇ ಮಹಾಯುದ್ಧದಲ್ಲಿ ಇದೆಲ್ಲ ಕ್ಯಾಂಪ್ ಕಿಲ್ಮರ್ ಎಂಬ ಸೈನ್ಯದ ಬಿಡಾರವಾಗಿತ್ತು. ಮರಗಳ ಮೇಲೆ ಪದ್ಯ ಬರೆದು ಹೆಸರಾದ, ಪಕ್ಕದ ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ಹುಟ್ಟಿದ ಜಾಯ್ಸ್ ಕಿಲ್ಮರ್ ಎಂಬ ಕವಿಯ ಹೆಸರು ಅದಕ್ಕೆ. ಹುಡುಗಿ ಆ ದಿನ ಕನ್ನಡ ಕಲಿಯಲು ಬರುವ ಒಂಬತ್ತು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಳು. ಮೇ ತಿಂಗಳಲ್ಲಿ ಸಾಗರದ ಕಡೆಯಿಂದ ಬಂದ ಅವಳ ಅಜ್ಜಿ, ಜೊತೆಗೆ ನಾನು, ಹಿಂದಿನಿಂದ ನಡೆಯುತ್ತಿದ್ದೆವು.

ಒಂದು ಓಕ್ ಮರದ ಬುಡದಲ್ಲಿ ಅವಳು ನಿಂತಳು. ಕಾಂಡಕ್ಕೆ ಕಂದು ಕೂದಲಿನ ಹಗ್ಗ ಸುತ್ತಿದಂತೆ ಒಂದು ಬಳ್ಳಿ. ಒಂದೊಂದು ತೊಟ್ಟಿಗೆ ಮೂರು ಎಲೆ. ನಡುವಿನದಕ್ಕೆ ಮಾತ್ರ ಸ್ವಲ್ಪ ಉದ್ದನೆಯ ತೊಟ್ಟು. "ಬಿಲ್ವಪತ್ರೆ!" ಎಂದು ಒಬ್ಬ ಹುಡುಗ ಕೈ ಚಾಚಿದ. ಅವಳು ಕಿರುಚಲಿಲ್ಲ. ಎರಡು ಹೆಜ್ಜೆಯಲ್ಲಿ ಅವನಿಗೂ ಬಳ್ಳಿಗೂ ನಡುವೆ ಬಂದು ಮಂಡಿಯೂರಿ ಕೂತಳು. "ಹತ್ರದಿಂದ ನೋಡು, ಮುಟ್ಟಬೇಡ. ಬಿಲ್ವದ ಥರ ಏನಿದೆ, ಬೇರೆ ಏನಿದೆ ಹೇಳು" ಎಂದಳು. ಹುಡುಗ ಹೇಳತೊಡಗಿದ. ಮಿಕ್ಕವರು ಸುತ್ತ ನೆರೆದರು. ಅದು ಪಾಯ್ಸನ್ ಐವಿ, ಅದರ ಎಣ್ಣೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ ಎಂದು ಆಮೇಲೆ ತಿಳಿಸಿ, "ಇದು ಮಾವಿನ ಮರದ ನೆಂಟ, ಗೇರಿನ ನೆಂಟ. ಮೂರೂ ಒಂದೇ ಕುಟುಂಬ" ಎಂದಳು.

ಅಷ್ಟರಲ್ಲಿ ಹಿಂದಿನಿಂದ ಅಜ್ಜಿ, "ಹಾಗಾರೆ ಇದು ನಮ್ಮ ಹೊಳೆಗೇರಿನ ಜಾತಿನೇ ಸೈ" ಎಂದರು.

ಹುಡುಗಿ ತಿರುಗಿ, ಪಾಠವನ್ನು ಅಲ್ಲಿಗೇ ನಿಲ್ಲಿಸಿ, "ಅಜ್ಜಿ, ಇಲ್ಲಿ ಬನ್ನಿ. ಅದನ್ನ ಮಕ್ಕಳಿಗೆ ಹೇಳಿ" ಎಂದಳು. ಎಪ್ಪತ್ತು ದಾಟಿದ ಆ ಹೆಂಗಸು ಮುಂದೆ ಬಂದರು. ಹೊಳೆಗೇರು ಅಂದರೆ ಕರಾವಳಿಯವರು ಚೇರೆ ಎನ್ನುವ ಮರ. ಸೊನೆ ತಾಗಿದರೆ ಮುಖ ಊದಿ ಕಣ್ಣು ಮುಚ್ಚಿಹೋಗುವುದು, ಸೊಪ್ಪಿಗೆ ಹೋದಾಗ ಅದನ್ನು ಗುರುತು ಹಿಡಿದು ದೂರ ನಡೆಯುವುದು, ಮಳೆಯಲ್ಲಿ ಅದರಡಿ ನಿಲ್ಲಬಾರದೆಂದು ಅತ್ತೆ ಗದರಿಸಿದ್ದು, ಎಲ್ಲವನ್ನೂ ಹೇಳಿದರು. ಪಿಸ್ಕಾಟವೇಯಲ್ಲಿ ಹುಟ್ಟಿದ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಅಜ್ಜಿಯ ಮಾತು ಸುಮ್ಮನೆ ಹಳೆಯ ನೆನಪಲ್ಲ. ಹೊಳೆಗೇರೂ ಮಾವು ಗೇರುಗಳ ಕುಟುಂಬದ್ದೇ. ಅದರ ಶಾಸ್ತ್ರೀಯ ಹೆಸರಾದ ಹೊಲಿಗಾರ್ನಾ ಕೂಡ ನಮ್ಮ ಊರುಗಳ ಹೊಳಿಗಾರ ಎಂಬ ಮಾತಿನಿಂದಲೇ ಹೋದದ್ದು.

ಕಾಡು ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ, ಮಕ್ಕಳನ್ನು ಬಲ್ಲ ಮೇಷ್ಟರೂ ಇದ್ದಾರೆ. ಒಂಬತ್ತು ಮಕ್ಕಳು, ಒಂದು ವಿಷದ ಬಳ್ಳಿ, ಒಬ್ಬರು ಅಜ್ಜಿ, ಈ ಮೂರನ್ನೂ ಒಟ್ಟಿಗೆ ಹಿಡಿದು ಪಾಠ ಮಾಡಬಲ್ಲವರು ಬಲು ಕಡಿಮೆ. ಈ ಓದಿನಲ್ಲಿ ಕಲಿಸುವುದು ಅದನ್ನೇ. ಯಾವಾಗ ತಡೆಯಬೇಕು, ಯಾವಾಗ ಸುಮ್ಮನಿರಬೇಕು, ಆಸ್ಪತ್ರೆ ದೂರವಿರುವಲ್ಲಿ ಮಗು ಬಿದ್ದರೆ ಮೊದಲ ಗಂಟೆಯಲ್ಲಿ ಏನು ಮಾಡಬೇಕು, ಮಗು ನಿಜವಾಗಿ ಏನನ್ನಾದರೂ ಕಲಿತಿತೇ ಎಂದು ಪರೀಕ್ಷೆಯಿಲ್ಲದೆ ತಿಳಿಯುವುದು ಹೇಗೆ. ಇದನ್ನು ಪದವಿಯ ಮೇಲೆ ಓದುವುದೇ ಸರಿ. ಕೈಯಲ್ಲಿ ಒಂದು ವಿಷಯ ಗಟ್ಟಿಯಾಗಿ ಇಲ್ಲದವರು ಬಯಲಿನಲ್ಲಿ ನಿಂತು ಏನನ್ನು ತೋರಿಸಿಯಾರು?

ಈ ಓದು ಮೊನ್ನೆ ಮೊನ್ನೆ ಹುಟ್ಟಿದ ಶೋಕಿಯಲ್ಲ. ಇದರ ಬೇರು ನಮ್ಮ ಸುತ್ತಮುತ್ತಲೇ ಇದೆ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ತತ್ವಜ್ಞಾನಿ ಜಾನ್ ಡ್ಯೂಯಿ ಅನುಭವವೇ ಕಲಿಕೆಯ ನೆಲೆ ಎಂದು ಪಾಠ ಹೇಳುತ್ತಿದ್ದ ಕಾಲದಲ್ಲಿ ಎಲ್.ಬಿ. ಶಾರ್ಪ್ ಅಲ್ಲಿನ ಟೀಚರ್ಸ್ ಕಾಲೇಜಿನಲ್ಲಿ ಓದಿದರು. 1930ರಲ್ಲಿ ಮಕ್ಕಳ ಬೇಸಿಗೆ ಶಿಬಿರಗಳ ಮೇಲೆಯೇ ಅವರ ಡಾಕ್ಟರೇಟ್. ಸಾಲು ಸಾಲು ಬ್ಯಾರಕ್ಕುಗಳು, ಸಿಳ್ಳೆ, ಗಂಟೆಗಳ ಶಿಬಿರವನ್ನು ಒಡೆದು, ಮಕ್ಕಳು ಸಣ್ಣ ಸಣ್ಣ ಗುಂಪುಗಳಾಗಿ ತಮ್ಮ ಗುಡಿಸಲು ತಾವೇ ಕಟ್ಟಿ, ಅಡುಗೆ ತಾವೇ ಮಾಡಿ ಬಾಳುವ ಕ್ರಮ ತಂದವರು ಅವರು. 1940ರಲ್ಲಿ ನ್ಯೂಜೆರ್ಸಿಯ ಉತ್ತರದ ತುದಿಯಲ್ಲಿ ಮಾಶಿಪಕಾಂಗ್ ಕೆರೆಯ ಹತ್ತಿರ ನ್ಯಾಷನಲ್ ಕ್ಯಾಂಪ್ ತೆರೆದರು. ಅಲ್ಲಿ ಓದಲು ಬಂದವರು ಮಕ್ಕಳಲ್ಲ, ಪದವಿ ಮುಗಿಸಿದ ಶಿಕ್ಷಕರು. ಕೋಣೆಯಲ್ಲಿ ಚೆನ್ನಾಗಿ ಕಲಿಯುವಂಥದ್ದು ಕೋಣೆಯಲ್ಲಿರಲಿ, ಹೊರಗೆ ಚೆನ್ನಾಗಿ ಕಲಿಯುವಂಥದ್ದು ಹೊರಗೇ ನಡೆಯಲಿ ಎಂಬುದು ಅವರ ಹಟ.

ಆ ಕೆರೆಯಿರುವ ಸಸೆಕ್ಸ್ ಕೌಂಟಿಯಲ್ಲೇ, ಸ್ಟೋಕ್ಸ್ ಕಾಡಿನಲ್ಲಿ, 1949ರಿಂದ ನ್ಯೂಜೆರ್ಸಿ ಸ್ಕೂಲ್ ಆಫ್ ಕನ್ಸರ್ವೇಶನ್ ಇದೆ. ನಮ್ಮಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. 1930ರ ದಶಕದ ಮಹಾಕುಸಿತದಲ್ಲಿ ಕೆಲಸವಿಲ್ಲದ ಯುವಕರು ಸರ್ಕಾರದ ಯೋಜನೆಯಡಿ ಕಟ್ಟಿದ ಶಿಬಿರ ಅದು. 1981ರಿಂದ ಮಾಂಟ್‌ಕ್ಲೇರ್ ವಿಶ್ವವಿದ್ಯಾಲಯ ಅದನ್ನು ನಡೆಸಿತು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಕೈಬಿಟ್ಟಿತು. ಆಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಅದನ್ನು ಪ್ರೀತಿಸುವ ಜನರ ಒಂದು ಸಂಘ. ವಿಚಿತ್ರವೆಂದರೆ ಅದೇ 2020ರಲ್ಲಿ ನ್ಯೂಜೆರ್ಸಿ ಹವಾಮಾನ ಬದಲಾವಣೆಯನ್ನು ಶಾಲೆಯ ಎಲ್ಲ ತರಗತಿಗಳ ಪಾಠಕ್ರಮಕ್ಕೂ ಸೇರಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಪಾಠ ಕಡ್ಡಾಯ, ಪಾಠ ಮಾಡುವ ಕಾಡಿಗೆ ಆಗ ದಿಕ್ಕಿರಲಿಲ್ಲ. ಈ ಓದು ಓದಿದವರ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲೇ.

ನಮ್ಮೂರಿನಿಂದ ಇಪ್ಪತ್ತು ನಿಮಿಷ ಇನ್ನೊಂದು ದಿಕ್ಕಿಗೆ ಹೋದರೆ ಹಚಿಸನ್ ಕಾಡು. ಕೊಡಲಿ ಬೀಳದ ಹಳೆಯ ಓಕ್ ಮರಗಳ ಆ ಜಾಗವನ್ನು 1955ರಲ್ಲಿ ಮರ ಕಡಿಯುವವರ ಕೈಗೆ ಹೋಗದಂತೆ ಕೊಂಡು ಉಳಿಸಲು ದುಡ್ಡು ಕೊಟ್ಟವರು ಯಾರು ಗೊತ್ತೇ? ಬಡಗಿಗಳ ಕಾರ್ಮಿಕ ಸಂಘ! ಅದರ ಪಕ್ಕದ ಹತ್ತು ಹೊಲಗಳನ್ನು 1958ರಿಂದ ಎರಡೆರಡಾಗಿ ಉಳುಮೆ ನಿಲ್ಲಿಸಿ ಬೀಳು ಬಿಟ್ಟರು. ಬ್ಯುಯೆಲ್ ದಂಪತಿ ಮತ್ತು ಜಾನ್ ಸ್ಮಾಲ್ ಎಂಬ ವಿಜ್ಞಾನಿಗಳು ಪ್ರತಿ ಹೊಲದಲ್ಲೂ 48 ಪುಟ್ಟ ಚೌಕಗಳನ್ನು ಗುರುತಿಸಿ, ಯಾವ ಗಿಡ ಬಂತು, ಯಾವುದು ಹೋಯಿತು ಎಂದು ಬರೆದಿಡಲು ಶುರುಮಾಡಿದರು. ಅವರು ತೀರಿಕೊಂಡ ಮೇಲೂ ಲೆಕ್ಕ ನಿಲ್ಲಲಿಲ್ಲ. ಕರ್ನಾಟಕದ ನಮ್ಮೂರುಗಳಲ್ಲಿ ಈಗ ಬೀಳು ಬಿದ್ದ ಗದ್ದೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಏನು ಮೊಳೆಯುತ್ತಿದೆ ಎಂದು ಪ್ರತಿ ವರ್ಷ ಮಕ್ಕಳನ್ನು ಕೂರಿಸಿ ಬರೆಸುವ ಒಬ್ಬ ಶಿಕ್ಷಕ ಇದ್ದರೆ ಎಂಥ ಪುಸ್ತಕ ಆಗುತ್ತಿತ್ತು!

ನಾನು ಓದಿದ ಶಾಲೆಯಿಂದ ಒಮ್ಮೆ ಜೋಗಕ್ಕೆ ಕರೆದೊಯ್ದರು. ಸಾಲಾಗಿ ನಿಲ್ಲಿಸಿದರು, ತಲೆ ಎಣಿಸಿದರು, ಪುಳಿಯೋಗರೆ ತಿನ್ನಿಸಿ ಬಸ್ಸು ಹತ್ತಿಸಿದರು. ಆ ಬಂಡೆ ಯಾಕೆ ಅಲ್ಲಿ ಹಾಗೆ ಕಡಿದುಹೋಗಿದೆ ಎಂದು ಯಾರೂ ಒಂದು ಮಾತು ಆಡಲಿಲ್ಲ. ಮೇಷ್ಟರ ತಪ್ಪೆಂದು ನಾನು ಹೇಳಲಾರೆ. ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಗೋಡೆಯಾಚೆ ತಂದ ನಾಡು ನಮ್ಮದು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ 2004ರಿಂದ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಇದೆ, ಅದರ ವಿದ್ಯಾರ್ಥಿಗಳು ಕಾಡಿನಲ್ಲೂ ಕಲಿಯುತ್ತಾರೆ. ಅರಣ್ಯ ಇಲಾಖೆ ಚಿಣ್ಣರ ವನದರ್ಶನ ಎಂದು ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆಯುತ್ತದೆ. ಇವುಗಳ ನಡುವೆ ಒಂದು ಕೊಂಡಿ ಬೇಕು: ಕಾಡನ್ನೂ ಮಗುವನ್ನೂ ಒಟ್ಟಿಗೆ ಓದಿದ ಶಿಕ್ಷಕ. ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳು ಎರಡು ವರ್ಷದ ಇಂಥ ಒಂದು ಸ್ನಾತಕೋತ್ತರ ಕೋರ್ಸನ್ನು, ಅರಣ್ಯ ರಕ್ಷಕರನ್ನೂ ಊರಿನ ಅಜ್ಜಿಯರನ್ನೂ ಪಾಠಕ್ಕೆ ಕರೆಯುವ ಕೋರ್ಸನ್ನು, ಶುರುಮಾಡಬೇಕು.

ಇದರಲ್ಲಿ ಸಂಬಳ ಸಾಫ್ಟ್‌ವೇರಿನಷ್ಟು ಬರುವುದಿಲ್ಲ. ಆ ಮಾತನ್ನು ಅವಳಪ್ಪನಿಗೆ ನಾನು ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಆ ಮರದ ಬಗ್ಗೆ ನಂಗೆ ಯಾವತ್ತೂ ಹೇಳೇ ಇಲ್ಲ" ಎಂದರು.

ಹುಡುಗಿ ಅರ್ಜಿಯ ಜೊತೆಗಿನ ಪ್ರಬಂಧವನ್ನು ಹೊಳೆಗೇರಿನಿಂದಲೇ ಶುರುಮಾಡಿದ್ದಾಳೆ. ಪಾಯ್ಸನ್ ಐವಿಯ ಎಲೆ ಇಲ್ಲಿ ಶರತ್ಕಾಲದಲ್ಲಿ ಕುಂಕುಮದಂತೆ ಕೆಂಪಾಗುತ್ತದೆ ಎಂದು ಮೊಮ್ಮಗಳು ಹೇಳಿದ ಮೇಲೆ, ಅಜ್ಜಿ ಸೆಪ್ಟೆಂಬರಿನ ಟಿಕೆಟ್ಟನ್ನು ಅಕ್ಟೋಬರ್ ಕೊನೆಗೆ ಹಾಕಿಸಿದ್ದಾರೆ.