ಕೋನ ಅಳೆಯುವ ಮೊದಲು ಮಗುವನ್ನು ನೋಡೋಣ

ಸಂಚಿಕೆಯ ಕೊನೆಗೆ ಎಂದಿನಂತೆ ನಮ್ಮ ಅಭಿಪ್ರಾಯ. ಇವತ್ತು ಮಕ್ಕಳ ಪಾದದ ಬಗ್ಗೆ.

ಇಲ್ಲಿ ಜರ್ಮನಿಯಲ್ಲಿ ಮೂರನೇ ಹುಟ್ಟುಹಬ್ಬದ ಆಸುಪಾಸು ಮಕ್ಕಳಿಗೆ ಯು-7ಎ ಅನ್ನೋ ತಪಾಸಣೆ ಇರುತ್ತೆ. ಅದರ ಹಿಂದಿನ ದಿನ ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳನ್ನು ನೋಡಿ, “ಪಾದ ಚಪ್ಪಟೆ ಕಾಣ್ತಿದೆಯಲ್ಲೋ, ಒಂದು ಎಕ್ಸ್‌ರೇ ತೆಗೆಸಿಬಿಡಿ” ಅಂದ್ರು. ನಮಗೂ ಅದೇ ಆತಂಕ. ಆದರೆ ವೈದ್ಯರು ಎಕ್ಸ್‌ರೇ ಬರೆಯಲಿಲ್ಲ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿದರು, ಪಾದದ ಕಮಾನು ತಾನಾಗಿ ಮೂಡಿತು. ನೋವಿದೆಯಾ ಅಂತ ಕೇಳಿದರು, ಇಲ್ಲ ಅಂದೆವು. ಅಷ್ಟೇ! ಅವತ್ತು ನಮಗೆ ಸಮಾಧಾನವಾಗಲಿಲ್ಲ. ಈಗ ಹೇಳ್ತೀವಿ, ಅವರು ಮಾಡಿದ್ದೇ ಸರಿ.

ಎಕ್ಸ್‌ರೇಯಲ್ಲಿ ಅಳೆಯೋದಾದರೂ ಏನನ್ನು? ಪಕ್ಕದಿಂದ ತೆಗೆದ ಚಿತ್ರದಲ್ಲಿ, ಕಾಲಿನ ಗಂಟಿನಲ್ಲಿರುವ ಟೇಲಸ್ ಮೂಳೆಯ ನಡುವೆ ಒಂದು ಗೆರೆ, ಹೆಬ್ಬೆರಳಿನ ಹಿಂದಿನ ಉದ್ದ ಮೂಳೆಯ ನಡುವೆ ಇನ್ನೊಂದು ಗೆರೆ ಎಳೀತಾರೆ. ದೊಡ್ಡವರಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ನೇರದಲ್ಲಿರುತ್ತವೆ. ಚಪ್ಪಟೆ ಪಾದದಲ್ಲಿ ಗೆರೆ ಕೆಳಕ್ಕೆ ಬಾಗುತ್ತೆ. ಇದಕ್ಕೆ ಮೇರಿ ಕೋನ ಅಂತ ಹೆಸರು.

ಆದರೆ ಪುಟ್ಟ ಮಕ್ಕಳ ಪಾದದಲ್ಲಿ ಬಹುಭಾಗ ಇನ್ನೂ ಮೃದ್ವಸ್ಥಿ. ಅದು ಎಕ್ಸ್‌ರೇಯಲ್ಲಿ ಕಾಣಲ್ಲ. ಕಮಾನಿನ ನಟ್ಟನಡುವೆ ಇರುವ ನ್ಯಾವಿಕ್ಯುಲರ್ ಮೂಳೆ ಎಷ್ಟೋ ಮಕ್ಕಳಲ್ಲಿ ಚಿತ್ರಕ್ಕೆ ಸಿಗೋದೇ ಎರಡು-ಮೂರು ವರ್ಷದ ಹೊತ್ತಿಗೆ. ಅರ್ಧ ಕಟ್ಟಿದ ಮನೆಯ ಗೋಡೆ ಅಳೆದು, ಮನೆ ಸೊಟ್ಟ ಅಂದಹಾಗೆ ಆಗಬಾರದಲ್ವಾ? ಜೊತೆಗೆ, ಮಲಗಿಸಿ ತೆಗೆದ ಚಿತ್ರ ಒಂದು ಕೋನ ಕೊಟ್ಟರೆ, ನಿಲ್ಲಿಸಿ ತೆಗೆದದ್ದು ಇನ್ನೊಂದು ಕೊಡುತ್ತೆ.

ವಯಸ್ಸೂ ಮುಖ್ಯ. 2006ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಅಧ್ಯಯನವೊಂದರಲ್ಲಿ 3 ವರ್ಷದ ಮಕ್ಕಳಲ್ಲಿ ಶೇ. 54ರಷ್ಟು, 6 ವರ್ಷದವರಲ್ಲಿ ಶೇ. 24ರಷ್ಟು ಮಂದಿಗೆ ಚಪ್ಪಟೆ ಪಾದ ಇತ್ತು. ನಮ್ಮ ಮಣಿಪಾಲದಲ್ಲೇ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಹೆಜ್ಜೆಯಚ್ಚು ಪರೀಕ್ಷಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು: ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6, ಬರಿಗಾಲಿನವರಲ್ಲಿ ಶೇ. 2.8. ಅಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಲು ಎಕ್ಸ್‌ರೇ ಬೇಕಾಗಲಿಲ್ಲ.

ವಿಕಿರಣದ ಹೆದರಿಕೆ ಹುಟ್ಟಿಸೋದು ನಮ್ಮ ಉದ್ದೇಶ ಅಲ್ಲ. ಪಾದದ ಎಕ್ಸ್‌ರೇಯ ಪ್ರಮಾಣ ತೀರಾ ಕಡಿಮೆ. ಆದರೂ ರೋಂಟ್ಗೆನ್ ಅವರ ಈ ನಾಡಿನ ಕಾನೂನು, ಪ್ರತಿ ಎಕ್ಸ್‌ರೇಗೂ ವೈದ್ಯರು ಮೊದಲೇ ಕಾರಣ ತೀರ್ಮಾನಿಸಿರಬೇಕು ಅನ್ನುತ್ತೆ. ಅಪ್ಪ-ಅಮ್ಮನ ಸಮಾಧಾನ ಅದಕ್ಕೆ ಸಾಕಾಗುವ ಕಾರಣ ಅಲ್ಲ. ನಮಗೆ ನಿಜವಾದ ಭಯ ಆ ಕೋನದ್ದು. ಕಾಗದದ ಮೇಲೆ ಒಂದು ಸಂಖ್ಯೆ ಬಂದರೆ ಸಾಕು, ಆರೋಗ್ಯವಾಗಿ ಓಡಾಡೋ ಮಗು ರೋಗಿಯಾಗಿಬಿಡುತ್ತೆ, ಬೇಡದ ಶೂ ಅಟ್ಟೆ ಕಾಲಿಗೆ ಬೀಳುತ್ತೆ.

ನೋವಿದ್ದರೆ, ಪಾದ ಬಿಗಿಯಾಗಿದ್ದರೆ, ಒಂದು ಪಾದ ಇನ್ನೊಂದರಂತಿಲ್ಲದಿದ್ದರೆ ಖಂಡಿತ ವೈದ್ಯರಿಗೆ ತೋರಿಸಿ. ಅವರು ಎಕ್ಸ್‌ರೇ ಬೇಕು ಅಂದರೆ ಹಿಂಜರಿಯಬೇಡಿ, “ನಿಲ್ಲಿಸಿ ತೆಗೀತೀರಾ?” ಅಂತ ಒಂದು ಮಾತು ಕೇಳಿ. ನಾವು ಜೀವಶಾಸ್ತ್ರದವರು, ವೈದ್ಯರಲ್ಲ. ಕೊನೆಯ ಮಾತು ಅವರದೇ.

ಅಮ್ಮನಿಗೆ ಮಗಳು ತುದಿಗಾಲಲ್ಲಿ ನಿಂತ ಫೋಟೋ ಕಳಿಸಿದ್ದೇವೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.